ಮಾದರಿ ಸಂಖ್ಯೆ ೪೧೭

ಮುನಿರಾಬಾದಿನ ತೋಟದ ಕೋಣೆ. ಪುಷ್ಯದ ಬಿಸಿಲು.
ಮೇಜಿನ ಮೇಲೆ ಐದು ತಟ್ಟೆ ಬಾರಿಹಣ್ಣು, ಐದು ಅಂಕಿ.
ತಳಿಯ ಹೆಸರು ಯಾರಿಗೂ ಕಾಣಬಾರದು.
ನಾನು ತೂಗುವವನು. ನನ್ನ ತಕ್ಕಡಿ
ಉಸಿರು ತಾಗಿದರೂ ನಡುಗುತ್ತದೆ.

ಉಮ್ರಾನ್: ಮೂವತ್ತೊಂದು ಗ್ರಾಂ, ಬೀಜ ಬರೇ ಎರಡು.
ಬಂಗಾರದ ತೊಗಲು, ಕಚ್ಚಿದರೆ ಕರುಂ ಸಪ್ಪಳ,
ಸಿಹಿ ಹದಿನಾಲ್ಕಕ್ಕೆ ನಿಂತಿತು.
ಗೋಲಾ ದುಂಡಗೆ; ಬೇಗ ಮಾಗಿ ಬೇಗ ಮೆತ್ತಗಾಗುವ ಅವಸರದ್ದು.
ಕೈಥಲಿ, ಮೂತಿ ಉದ್ದ, ತಪ್ಪು ಹುಡುಕಲಾರೆ, ಹೊಗಳಲೂ ಆರೆ.
ಸೇಬ್ ಹೆಸರಲ್ಲೇ ಅರ್ಧ ಅಂಕ ಗಿಟ್ಟಿಸುತ್ತಿತ್ತು,
ಅದಕ್ಕೇ ಹೆಸರು ಮುಚ್ಚಿದ್ದು.

ಐದನೆಯದು ೪೧೭.
ನಾಲ್ಕನೇ ಸಾಲಿನ ಕೊನೆಯಲ್ಲಿ ಕಸಿಯ ಕಣ್ಣು ಒಣಗಿ
ಬುಡದ ಜವಾರಿ ಬೇರೇ ಮುಳ್ಳು ಚಿಗುರಿ ಎದ್ದ ಗಿಡ.
‘ಕಡಿಯತಕ್ಕದ್ದು’ ಎಂದು ಎರಡು ವರ್ಷದಿಂದ ಪುಸ್ತಕದಲ್ಲಿದೆ,
ಅಕ್ಷರ ನನ್ನದೇ.
ಹಣ್ಣು ಐದು ಗ್ರಾಂ, ಅದರಲ್ಲಿ ಬೀಜವೇ ಒಂದೂವರೆ.
ರಸ ಮಾತ್ರ ಇಪ್ಪತ್ತಮೂರಕ್ಕೆ ಏರಿತು.
ಯಾಕೆ ಇಟ್ಟೆ? ಗೊತ್ತಿಲ್ಲ.

ರುಚಿ ನೋಡಲು ಇಬ್ಬರು ವಿದ್ಯಾರ್ಥಿಗಳು, ಜೀಪಿನ ಯಂಕೋಬ,
ಮತ್ತೆ ಗಿಣಿಗೇರಿ ಕ್ರಾಸಿನಲ್ಲಿ ಬುಟ್ಟಿ ಇಟ್ಟು ಕೂರುವ ಹುಸೇನಬಿ.
ಒಂದೊಂದಕ್ಕೂ ನಡುವೆ ಒಂದು ಗುಟುಕು ನೀರು ಎಂದೆ.
‘ಬಾರಿಹಣ್ಣಿನ ಮ್ಯಾಲ ನೀರ? ಕೆಮ್ಮು ಹತ್ತತೈತ್ರಿ!’
ಸೆರಗಿನ ಗಂಟು ಬಿಚ್ಚಿ ಉಪ್ಪಿನ ಹರಳು ನೆಕ್ಕಿದಳು.

ಉಮ್ರಾನ್ ತಿಂದು: ‘ಮದವಿಗೆ ಬಂದ ದೂರದ ಬೀಗರಿದ್ದಂಗ ಐತಿ.
ಅರಿವಿ ಚಲೋ, ಮಾತಿಲ್ಲ.’
ನಾನು ಹಾಳೆಯಲ್ಲಿ ಬಣ್ಣಕ್ಕೆ ಎಂಟು, ಗಾತ್ರಕ್ಕೆ ಒಂಬತ್ತು ಬರೆದೆ.
ಅವಳು ಬಗ್ಗಿ ನೋಡಿದಳು.
‘ನುಂಗಿದ ಮ್ಯಾಲ ಬಾಯಾಗ ಎಷ್ಟೊತ್ತು ಇರತೈತಿ,
ಅದಕ್ಕ ಇದರಾಗ ಮನಿ ಇಲ್ಲೇನ್ರಿ?’
ಇರಲಿಲ್ಲ.

೪೧೭ಕ್ಕೆ ಹುಡುಗರು ಮುಖ ಹಿಂಡಿದರು: ಹುಳಿ, ಸಣ್ಣದು, ಎಲ್ಲಾ ಬೀಜ.
ಅವಳು ಬೀಜವನ್ನು ದವಡೆಗೆ ಒತ್ತಿ
ಬಹಳ ಹೊತ್ತು ಕಿಟಕಿಯ ಕಡೆ ನೋಡಿದಳು.
‘ರೈಲು ಗೇಟಿನ ಗಿಡ ಅಲ್ಲ. ದರ್ಗಾದ ಹಿಂದಿಂದೂ ಅಲ್ಲ.
ಕೆರಿ ಒಡ್ಡಿಂದು ಇಷ್ಟು ಒಗರು ಇರಂಗಿಲ್ಲ.
ಈ ಗಿಡ ನನಗ ಗೊತ್ತಿಲ್ಲ. ಎಲ್ಲೈತಿ?’

ನಮ್ಮ ಉಮ್ರಾನ್ ಒಂದೇ ಒಂದು ಮರ,
ಕಣ್ಣು ಕಿತ್ತು ಕಣ್ಣು ಕೂರಿಸಿ ಸಾವಿರ ಊರಲ್ಲಿ ನಿಂತದ್ದು.
ಅದೂ ನಿಂತದ್ದು ಜವಾರಿ ಬೇರಿನ ಮೇಲೆ.
ಆ ಬೇರಿನ ಹಣ್ಣಿಗೆ ನಾನು ಈವರೆಗೆ
ತಕ್ಕಡಿಯಲ್ಲಿ ಜಾಗ ಕೊಟ್ಟಿರಲಿಲ್ಲ.
ಅವಳ ಬಾಯಲ್ಲಿ ಒಂದೊಂದು ಗಿಡವೂ ಒಂದೊಂದು ತಳಿ.

ಸರಾಸರಿಯಲ್ಲಿ ೪೧೭ ಮೂರನೆಯದಾಯಿತು.
ಅವಳೊಬ್ಬಳ ಒಂಬತ್ತು ಇಲ್ಲದಿದ್ದರೆ ಕೊನೆಯದು.

ಸಂಜೆ ಬೀಜ ಎಣಿಸಿದೆ. ಎಲ್ಲವೂ ಸರಿ,
೪೧೭ರಲ್ಲಿ ಒಂದು ಕಡಿಮೆ.
ಉಗುಳುವ ತಟ್ಟೆಯಲ್ಲಿಲ್ಲ, ಮೇಜಿನ ಕೆಳಗಿಲ್ಲ.
ಬರೆದೆ: ನಷ್ಟ, ಒಂದೂವರೆ ಗ್ರಾಂ.
ಕಾರಣದ ಮನೆ ಖಾಲಿ ಬಿಟ್ಟೆ.