ಎರಡು ಸೆಕೆಂಡು ಮೀರಿದರೆ

ದುರ್ಗಿಗುಡಿಯ ಕನ್ನಡಕದಂಗಡಿಯ ಮೇಲೆ ನಮ್ಮ ಕೋಣೆ.
ಒಂದು ಮೇಜಿನ ಮೇಲೆ ಕಪ್ಪು ಬಟ್ಟೆಯ ಕಡತಗಳು,
ಇನ್ನೊಂದರ ಮೇಲೆ ಅವುಗಳ ಚಿತ್ರ, ಅವುಗಳ ಓದು,
ಓದಿನ ತಿದ್ದುಪಡಿ, ತಿದ್ದುಪಡಿಯ ತಿದ್ದುಪಡಿ,
ಯಾರು ಯಾವ ದಿನ ಯಾವ ಕೊಂಬು ಕಿತ್ತು
ಯಾವ ದೀರ್ಘ ಇಟ್ಟರು
ಎಲ್ಲ ನೆನಪಿಟ್ಟುಕೊಳ್ಳುವ ಒಂದು ಹಳೆಯ ಯಂತ್ರ.

ನಲವತ್ತೊಂದು ಸಾವಿರ ಹಾಳೆ.
ಏನೇನು ಬದಲಾಗಿದೆ ಅಂತ ಕೇಳಿದರೆ
ಅದು ಒಂದೊಂದನ್ನೂ ಮುಟ್ಟಿ ನೋಡಿ ಬರಬೇಕು.
ನಾಲ್ಕು ನಿಮಿಷ.
ಅಷ್ಟೂ ಹೊತ್ತು ಪರದೆ ಕಪ್ಪು,
ಮೂಲೆಯಲ್ಲಿ ಕಣ್ಣು ಮಿಟುಕಿಸುವ ಒಂದು ಗೀಟು.

ಮೂರನೇ ನಿಮಿಷಕ್ಕೆ ಗಾಮಪ್ಪ ಮೇಷ್ಟ್ರು
ಸ್ವಿಚ್ಚೇ ಆರಿಸಿಬಿಟ್ಟರು.
"ಸತ್ತೋಗಿತ್ತು ಕಣಮ್ಮ ಫಿಲೋಮಿನಾ,
ಉಸಿರೇ ಇರ್ಲಿಲ್ಲ."

ಸತ್ತಿರಲಿಲ್ಲ. ಮೂವತ್ತು ಸಾವಿರ ದಾಟಿತ್ತು.
ಮತ್ತೆ ಎಬ್ಬಿಸಿದರೆ ಒಳಗೆ ಬಿಡಲೊಲ್ಲದು:
ಬೀಗವಿದೆ, ಯಾರೋ ಕೆಲಸ ಮಾಡುತ್ತಿದ್ದಾರೆ, ಆಮೇಲೆ ಬಾ.
ಯಾರೂ ಇಲ್ಲ ಒಳಗೆ.
ಒಳಗಿಂದ ಚಿಲಕ ಹಾಕಿಕೊಂಡವನು
ಚಿಲಕ ತೆಗೆಯುವ ಮೊದಲೇ ಇಲ್ಲವಾಗಿದ್ದ.
ಅದನ್ನು ನಾನೇ ಕೈಯಾರೆ ಅಳಿಸಿದೆ.
ಅಳಿಸುವಾಗ ಮೇಷ್ಟ್ರನ್ನು ಬೈಯಲಾಗಲಿಲ್ಲ.
ಕುಕ್ಕರು ಕೂಡ ಸೀಟಿ ಹಾಕುತ್ತದೆ.
ಸಿಟಿ ಬಸ್ಸಿನ ಕಂಡಕ್ಟರು ಕೂಡ
ಗೋಪಿ ಸರ್ಕಲ್, ಗೋಪಿ ಸರ್ಕಲ್ ಎಂದು
ಕೂಗುತ್ತಲೇ ದಾಟಿಸುತ್ತಾನೆ.
ಇದೊಂದಕ್ಕೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ
ಕಾಯುವವರಿಗೂ ಒಂದು ಮಾತು ಸಲ್ಲಬೇಕೆಂದು.

ಆ ರಾತ್ರಿ ಬರೆಯತೊಡಗಿದೆ.
ಬರೆಯುವುದೇನು ಮಹಾ, ಎಣಿಸಿದ್ದನ್ನು ಎಣಿಸಿದೆ ಅನ್ನುವುದು.
ಮೊದಲು ಪ್ರತಿ ಹಾಳೆಗೂ ಕೂಗಿಸಿದೆ.
ಕೂಗುವುದರಲ್ಲೇ ನಾಲ್ಕು ನಿಮಿಷ ಏಳಾಯಿತು.
ಎಲ್ಲ ಹೇಳುತ್ತ ಕೂತರೆ ಕೆಲಸ ಸಾಗುವುದಿಲ್ಲ;
ಸಿಸಿಲಿ ಚಿಕ್ಕಮ್ಮನ ಜೊತೆ ಬೆಳೆದೂ
ಇದು ನನಗೆ ತಿಳಿದಿರಲಿಲ್ಲ.
ಆಮೇಲೆ ಹೀಗೆ ಬರೆದೆ:
ಎರಡು ಸೆಕೆಂಡಿನೊಳಗೆ ಮುಗಿದರೆ ಬಾಯಿ ಬಿಡಬೇಡ.
ಮೀರಿದರೆ, ಎಷ್ಟಾಯಿತು, ಎಷ್ಟಿದೆ, ಅಷ್ಟೇ.
ಒಂದೇ ಸಾಲು, ಹಳೆಯದರ ಮೇಲೇ ಹೊಸದು.
ಉತ್ತರದೊಳಗೆ ಈ ಗೊಣಗು ಬೆರೆಯಬಾರದು.
ಎದುರಿಗೆ ಯಾರೂ ಕೂತಿಲ್ಲವೆಂದರೆ
ಸುಮ್ಮನೆ ಮಾಡು.

ಈ ಕೊನೆಯದನ್ನು ಬರೆದು
ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.
ಕೆಳಗೆ ಅಂಗಡಿಯವನು ಷಟರು ಎಳೆಯುತ್ತಿದ್ದ.

ಬೆಳಿಗ್ಗೆ ಮೇಷ್ಟ್ರು ನೋಡಿದರು.
ನೂರಕ್ಕೆ ಹನ್ನೆರಡು. ನೂರಕ್ಕೆ ಮೂವತ್ತು.
ಕನ್ನಡಕ ಹಣೆಗೇರಿಸಿ, ಸ್ವಿಚ್ಚಿನಿಂದ ದೂರ,
ಕೈಕಟ್ಟಿ.
ತೊಂಬತ್ತೊಂಬತ್ತರಲ್ಲಿ ನಿಂತಿತು; ಎಲ್ಲ ನಿಲ್ಲುವುದೂ ಅಲ್ಲೇ.
"ತಿಣುಕ್ತಾ ಇದೆ, ಬಿಡು" ಅಂದರು,
ದನ ಈಯುವುದನ್ನು ಕಂಡವರ ದನಿಯಲ್ಲಿ.
ವೇಗ ಒಂದಿಷ್ಟೂ ಹೆಚ್ಚಿರಲಿಲ್ಲ.
ಅದೇ ನಾಲ್ಕು ನಿಮಿಷ.

ಮಧ್ಯಾಹ್ನ ಅವರು ಮೋಡಿಯ ಒಂದು ಪುಟಕ್ಕೆ ಬಗ್ಗಿದರು.
ಬಳಪದ ಅಕ್ಷರ, ಯಾವುದೋ ಉಂಬಳಿ, ಯಾವುದೋ ಅಕ್ಕಿಯ ಲೆಕ್ಕ.
ಬಗ್ಗಿದರೆ ಗಂಟೆಗಟ್ಟಲೆ ಅಲ್ಲಾಡುವವರಲ್ಲ;
ಎಷ್ಟೋ ಸಲ ನಾನು ನೆವ ಮಾಡಿ ಎದ್ದು ಹೋಗಿ
ಎದೆ ಏರಿಳಿಯುವುದನ್ನು ಕದ್ದು ನೋಡಿದ್ದುಂಟು.
ಇವತ್ತು ತಲೆಯೆತ್ತದೆಯೇ
"ಏಳು" ಅಂದರು.
ಚಹಾ ಬಂತು. "ಎಂಟು."
ಎಷ್ಟರಲ್ಲಿ ಮೇಷ್ಟ್ರೇ, ಎಂದೆ.
"ತುದಿ ಹರಿದೋಗಿದೆಯಲ್ಲಮ್ಮ," ಅಂದರು,
"ಎಷ್ಟರಲ್ಲಿ ಅಂತ ಎಲ್ಲಿಂದ ತರ್ಲಿ?
ಒಂಬತ್ತು."