ಟಕ್ಕೆನ್ನುವವರೆಗೆ

ಕಸ್ತಿಯೋಸಿನ ಅಂಚೆ ಕಚೇರಿಯ ಹುಡುಗಿ
ಹೆಸರು ಬರೆದುಕೊಂಡಳು, ಬೆರಳೊತ್ತಿಸಿಕೊಂಡಳು,
ತಲೆಯೆತ್ತದೆ ಕೇಳಿದಳು: ಎಷ್ಟು ಗಿಡ, ದೋನ್ಯಾ ನೆಲಿದಾ?
ಆರು ಎಂದೆ. ಕಾನೂನು ಬಿಡುವುದೇ ಆರು.
ಅವಳ ತಾಯಿಯ ಮದುವೆಯ ಗೌನು ಹೊಲಿದವಳು ನಾನು.
ಸೊಂಟವನ್ನು ಎರಡು ಸಲ ಬಿಚ್ಚಿ ಅಗಲಿಸಿದ್ದು ಯಾರಿಗಾಗಿ ಎಂದು
ಹುಡುಗಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರರಲ್ಲಿ ಎರಡು ಇರುವೆಯ ಪಾಲು.
ಒಂದು ಗಂಡು, ಕಿತ್ತುಹಾಕಿದೆ.
ಉಳಿದ ಮೂರು ಬೆಳೆದವು
ಅಂಜೂರದ ಮರಕ್ಕೆ ಒಂದು ಗೇಣು ಕಡಿಮೆ.

ಕೊಯ್ದ ದಿನ ಕತ್ತರಿಯೆಲ್ಲ ಅಂಟು.
ನಲವತ್ತೊಂದು ವರ್ಷ ರೇಷ್ಮೆ ಕತ್ತರಿಸಿದ ಕತ್ತರಿ,
ಎಣ್ಣೆ ಸವರಿ ಉಜ್ಜಿದರೂ ಬಾಯಿ ಬಿಡಲೊಲ್ಲದು.
ಹೊಲಿಗೆಯ ಕೋಣೆಗೆ ಕಪ್ಪು ಪರದೆ ಕಟ್ಟಿ
ಗೋಡೆಯಿಂದ ಗೋಡೆಗೆ ದಾರ ಎಳೆದು
ಕೊಂಬೆಗಳನ್ನು ತಲೆಕೆಳಗಾಗಿ ತೂಗಿಬಿಟ್ಟೆ,
ತೋಳಿಲ್ಲದ, ಕಾಲರಿಲ್ಲದ, ಅರ್ಧ ಹೊಲಿದ ಅಂಗಿಗಳ ಹಾಗೆ
ಒಂದಕ್ಕೊಂದು ತಾಕದಂತೆ.

ಬೇಲಿಯಾಚೆಯ ವಿಲ್ಮಾರ್, ನಾಲ್ಕು ಸುಗ್ಗಿ ಕಂಡವನು,
ಸೋರೆಬುರುಡೆಯ ಕಷಾಯ ಹೀರುತ್ತ ಹೇಳಿದ:
ಫ್ಯಾನನ್ನು ಗೋಡೆಗೆ ತಿರುಗಿಸು, ಗಿಡಕ್ಕಲ್ಲ.
ಕಡ್ಡಿ ಬಗ್ಗಿದರೆ ಇನ್ನೂ ಹಸಿ.
ಟಕ್ಕೆಂದರೆ ಆಯಿತು.
ಎಷ್ಟು ದಿನ? ಎಂದೆ.
ಅದನ್ನೇ ಕೇಳು, ಎಂದ.

ನಾನು ಗಡುವಿನ ಹೆಂಗಸು.
ಶನಿವಾರ ಮದುವೆಯೆಂದರೆ ಶುಕ್ರವಾರ ರಾತ್ರಿಯೆಲ್ಲ
ಕಾಜಾ ಹೊಲಿಯುತ್ತ ಕೂತವಳು,
ತೇವದ ಬಟ್ಟೆಗೆ ಇಸ್ತ್ರಿಯೊತ್ತಿ, ಆವಿಯೇಳುವಾಗಲೇ
ಮಡಚಿ ಕೊಟ್ಟವಳು.
ನಾಲ್ಕನೆಯ ದಿನ ತಡೆಯಲಾಗಲಿಲ್ಲ.
ಒಂದು ಹೂವು ಕಿತ್ತು ರೊಟ್ಟಿಯ ಒಲೆಯಲ್ಲಿಟ್ಟೆ.
ಹೊರಗೆ ಗರಿಗರಿ. ಮೂಗಿಗೆ ಹಿಡಿದರೆ
ಕೊಟ್ಟಿಗೆಯ ಅಟ್ಟದ ಹುಲ್ಲು, ಅಷ್ಟೆ.
ಗಿಡದಲ್ಲಿದ್ದಾಗಿನ ನಿಂಬೆಸಿಪ್ಪೆ, ಡೀಸೆಲ್ಲು, ಆ ಘಾಟು
ಒಲೆಯ ಬಾಯಲ್ಲೇ ಹಾರಿಹೋಗಿತ್ತು.
ವಿಲ್ಮಾರನಿಗೆ ನಾನು ಹೇಳಲಿಲ್ಲ.
ಅಡುಗೆಮನೆಯ ಕಿಟಕಿ ಹೇಳಿತು.

ಏಳು, ಎಂಟು. ಕಡಲಿಂದ ಮಂಜು ಬಂತು.
ಡಬ್ಬಿಯಲ್ಲಿ ಉಪ್ಪು ಹೆಪ್ಪುಗಟ್ಟಿತು.
ರಾತ್ರಿ ಎದ್ದು ಟಾರ್ಚು ಹಿಡಿದು ನೋಡಿದೆ:
ಎಲ್ಲಕ್ಕಿಂತ ದಪ್ಪನೆಯ ತೆನೆ, ಮಗುವಿನ ಮುಷ್ಟಿಯಷ್ಟು,
ಫೋಟೋ ತೆಗೆದು ಮೊಂತೆವಿದೆಯೊದ ತಂಗಿಗೆ ಕಳಿಸಿದ್ದೆನಲ್ಲ ಅದು,
ಬಿಡಿಸಿದರೆ ಒಳಗೆ ಬೂದು,
ಪೆಟ್ಟಿಗೆಯ ತಳದ ಉಣ್ಣೆಗೆ ಹಿಡಿಯುವಂಥ ಬೂದು.
ಕೆಟ್ಟ ಹೊಲಿಗೆ ಬಿಚ್ಚುವುದು ನನಗೆ ಗೊತ್ತು,
ಸುತ್ತಲಿನ ಒಳ್ಳೆಯದೂ ಒಂದಿಷ್ಟು ಹೋಗಬೇಕು.
ಚೀಲಕ್ಕೆ ಗಂಟು ಬಿಗಿದು ಬೀದಿಯ ಕಸಕ್ಕಿಟ್ಟು ಬಂದೆ.
ಅಳು ಬಂತೇ? ತಂಗಿ ಕೇಳಿದಳು.
ಸ್ವಲ್ಪ.

ಹನ್ನೊಂದನೆಯ ಬೆಳಿಗ್ಗೆ,
ರೇಡಿಯೋದಲ್ಲಿ ಕುರಿಗಳ ದರ ಹೇಳುತ್ತಿದ್ದಾಗ,
ಟಕ್.
ನನ್ನ ಬೆರಳ ಗಿಣ್ಣೇ ಇರಬೇಕೆಂದು
ಇನ್ನೊಂದು ಕಡ್ಡಿ ಮುರಿದೆ.

ಪೀಚು ಹಣ್ಣಿನ ಸೀಸೆಗಳನ್ನು ಕುದಿಸಿ ಒಣಗಿಸಿ
ಮುಕ್ಕಾಲು ತುಂಬಿದೆ. ಉಳಿದ ಕಾಲು ಗಾಳಿಯದಂತೆ.
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಚ್ಚಳ ತೆಗೆದು
ಕಾಯಬೇಕು, ಸೀಸೆ ಉಸಿರು ಬಿಡುವ ತನಕ.
ಮೊದಮೊದಲು ಮತ್ತೆ ಅದೇ ಹುಲ್ಲು.
ಆಮೇಲೆ ಎಂದೋ, ಬುಧವಾರವೋ ಗುರುವಾರವೋ,
ತೆರೆದರೆ ನಿಂಬೆ.
ಯಾರೋ ಬಹಳ ಹೊತ್ತಿನಿಂದ ಬಾಗಿಲ ಹಿಂದೆ ನಿಂತಿದ್ದ ಹಾಗೆ.

ತಿಂಗಳಾಯಿತಲ್ಲ, ರುಚಿ ನೋಡು, ಅಂದ ವಿಲ್ಮಾರ್.
ಇನ್ನೊಂದು ವಾರ ಇರಲಿ
ಅಂದವಳು ನಾನೇ.

ಆದರೆ ಒಲೆಯಲ್ಲಿ ಕೆಡಿಸಿದ್ದನ್ನು ಬಿಸಾಡಿರಲಿಲ್ಲ,
ಬೆಂಕಿಪೊಟ್ಟಣದಲ್ಲಿತ್ತು.
ನಿನ್ನೆ ಮುಸ್ಸಂಜೆ ಅಂಗಳದಲ್ಲಿ ಅದನ್ನೇ ಸುತ್ತಿ
ಸೇದಿದೆ, ಕೆಮ್ಮಿದೆ, ಕಣ್ಣೀರೊರೆಸಿಕೊಂಡೆ.
ಗಿಣ್ಣುಗಳು ಊದಿಕೊಂಡೇ ಇದ್ದವು,
ನೋವು ಮಾತ್ರ ಎದ್ದು ಪಕ್ಕದ ಮನೆಗೆ ಹೋಗಿ ಕೂತಂತಿತ್ತು.
ಬೇಲಿಯಾಚೆ ಕತ್ತಲಲ್ಲಿ
ವಿಲ್ಮಾರ್ ಒಂದೊಂದೇ ಬೆರಳಿನ ನೆಟಿಕೆ ಮುರಿದದ್ದು
ನನಗೆ ಸ್ಪಷ್ಟ ಕೇಳಿಸಿತು.