ಬೇಲೀಫನ ಷರಾ

ಮೂವತ್ತೊಂದು ವರ್ಷ ಬೀಳಗಿ ಕೋರ್ಟಿನ ನೋಟೀಸು ಹಚ್ಚೀನಿ.
ಕದಕ್ಕ ಹಚ್ಚೀನಿ, ಕದ ಇಲ್ಲದಲ್ಲಿ ಗ್ವಾಡಿಗೆ,
ಗ್ವಾಡಿ ಬಿದ್ದಲ್ಲಿ ಬೇವಿನ ಬೊಡ್ಡಿಗೆ.
ಎಮ್ಮಿ ಜಪ್ತಿ ಮಾಡೀನಿ, ಹಿಟ್ಟಿನ ಗಿರಣಿ,
ಒಮ್ಮೆ ಬ್ಯಾಂಡಿನವರ ಕಹಳಿ.
ಅದರೊಳಗ ಇನ್ನೂ ಯಾರದೋ ಲಗ್ನದ ಉಸಿರಿತ್ತು.

ದೋಣಿ ಇದೇ ಮೊದಲು.

ಲಾಂಚ ಅಂತಿದ್ರು. ಗೋವಾದಾಗ ಮುದುಕಿಯಾಗಿ
ಲಾರಿ ಮ್ಯಾಲೆ ಮಲಗಿ ಕೃಷ್ಣೆಗೆ ಬಂದಾಕಿ.
ಕೊರ್ತಿಯ ಹಿನ್ನೀರಾಗ ಮಂದೀನ ತಿರುಗಿಸಿ
ರೊಕ್ಕ ಎಣಿಸಿ, ಮಾಲಕ ಫೋನ್ ಆರಿಸಿದ.
ಯಮನೂರಿ ಅಂಬಿಗೇರನ ಪಗಾರ
ಹನ್ನೊಂದು ತಿಂಗಳದ್ದು ಬಾಕಿ.

ತಸ್ಲೀಮಾ ಅವಟಿ ವಕೀಲರು, ಬೆಳಗಾವಿಯಾಗ ಕಾಯ್ದೆ ಕಲಿತವರು,
ದಂಡಿಮ್ಯಾಲೆ ಚಪ್ಪಲಿ ಕೈಯಾಗ ಹಿಡಕೊಂಡು ಅಂದ್ರು:
"ಕಾಕಾ, ಸಮುದ್ರದ ಕೋರ್ಟಿಗೆ ಮಾಲಕ ಬೇಕಾಗಿಲ್ಲ.
ಹಡಗೇ ಪ್ರತಿವಾದಿ. ಹಡಗನ್ನೇ ಅರೆಸ್ಟ್ ಮಾಡ್ತಾರ,
ವಾರಂಟು ಪಟದ ಕಂಬಕ್ಕ ಬಡೀತಾರ.
ಬಿಲಾತಿಯಾಗ ಆ ಜಡ್ಜರ ಮುಂದ
ಬೆಳ್ಳಿ ಹುಟ್ಟು ಹಿಡಕೊಂಡು ನಡೀತಿದ್ರಂತ."

ನಮ್ಮ ದಫೇದಾರ ಬಾಳಪ್ಪ ನೆನಪಾದ,
ಹುಣಸಿಹಣ್ಣಿನಿಂದ ಬಿಲ್ಲೆ ತಿಕ್ಕಿ ತಿಕ್ಕಿ
ಸರಕಾರದ ಸಿಂಹಗಳ ಮೂಗು ಸವಸಿದಾಂವ.

"ಉಬ್ಬರದ ನೀರು ಎಲ್ಲೀತನಕ ಏರತೈತೋ
ಅಲ್ಲೀತನಕ ಆ ಕೋರ್ಟಿನ ಹದ್ದು.
ಅಲ್ಲಿ ಬ್ಯಾಂಕಿನ ಸಾಲಕ್ಕಿಂತ ಖಲಾಸಿಯ ಪಗಾರ ಮುಂದ.
ಹಡಗು ಒಡೆದು ಒಂದೇ ಹಲಗಿ ಉಳಿದರೂ
ಅದರ ಮ್ಯಾಲೆ ಅವನ ಹಕ್ಕೈತಿ."

ಯಮನೂರಿ ಈ ಮಾತು ಎರಡು ಸಲ ಹೇಳಿಸಿಕೊಂಡ.

ಪಟದ ಕಂಬ ಎಲ್ಲಿಂದ ತರಲಿ?
ಡೀಸೆಲ್ ಹೊಗಿಯ ಕೊಳವಿಗೆ ಮೈದಾ ಅಂಟು ಸವರಿ ಹಚ್ಚಿದೆ.
ಬಗ್ಗಿ ನೋಡಿದರ, ತಳಕ್ಕ ಕಲ್ಲಿನಂಥ ಬಿಳಿ ಚಿಪ್ಪು,
ಉಗುರು ಹಾಕಿದರೂ ಏಳವಲ್ವು.
ಸಮುದ್ರ ನಾ ಕಂಡಿಲ್ಲ. ಬೆರಳು ಹರೀತು.
ಬಾಯಿಗಿಟ್ಟೆ, ಉಪ್ಪುಪ್ಪು.

ಷರಾ ಬರದೆ:
ಪ್ರತಿವಾದಿ ಸ್ಥಳದಲ್ಲಿ ಹಾಜರಿದ್ದಾಳೆ.
ಓದಿ ಹೇಳಲಾಗಿದೆ. ಸಹಿ ಬರುವುದಿಲ್ಲ.
ಶಿರಸ್ತೇದಾರರು ನನ್ನ ವಯಸ್ಸು ಕೇಳಿದರು.

ಆ ರಾತ್ರಿ ಗಾಳಿಯೋ, ಮಾಲಕನ ಮಂದಿಯೋ,
ಹಗ್ಗ ಬಿಚ್ಚಿತು. ಮುಂಜಾನಿ ನೋಡಿದರ
ಲಾಂಚು ಪೂಲು ದಾಟಿ ಕೊಲ್ಹಾರದ ಕಡೆ.
ಅದು ಬಿಜಾಪುರ ಜಿಲ್ಲಾ.
ನಮ್ಮ ಹದ್ದು ಪೂಲಿನ ನಡುಗಂಬಕ್ಕ ಮುಗೀತೈತಿ.

"ಸಮುದ್ರದ ಕಾಯ್ದೆ ಅನ್ನುತ್ತೀರಿ, ಇಲ್ಲಿ ಉಬ್ಬರ ಎಲ್ಲಿದೆ?"
ಸಾಹೇಬರು ಕೇಳಿದರು.
"ಐತಿ ಸ್ವಾಮಿ, ವರ್ಷಕ್ಕೊಂದು.
ಶ್ರಾವಣದಾಗ ಏರತೈತಿ, ಆಲಮಟ್ಟಿಯ ಗೇಟು ಇಳಿಸಿದಾಗ.
ಬ್ಯಾಸಿಗಿಗೆ ಇಳೀತೈತಿ,
ಹಳೇ ಕೊಲ್ಹಾರದ ಒಲಿಗುಂಡು ಕಾಣೋತನಕ.
ಅದರಾಗ ಒಂದು ಒಲಿ ನಮ್ಮಜ್ಜಿದು."

ಸಾಹೇಬರು ಪೆನ್ನು ಕೆಳಗಿಟ್ಟರು. ನಗಲಿಲ್ಲ.
ಹಡಗಿನ ಮೇಲಿನ ಅಧಿಕಾರ
ಮೊದಲು ಮುಂಬೈ, ಕಲಕತ್ತಾ, ಮದ್ರಾಸಿಗಷ್ಟೇ ಇತ್ತು,
ಈಗ ನಮ್ಮ ಹೈಕೋರ್ಟಿಗೂ ಬಂದಿದೆ,
ಬೀಳಗಿತನಕ ಬಂದಿಲ್ಲ ಅಂದರು.
ಸಿಹಿನೀರಿನ ದೋಣಿಗಂತೂ ಆ ಕಾಯ್ದೆ ಇಲ್ಲ.
ದಾವೆ ವಾಪಸ್.

ನಾ ಪೆನ್ಶನ್ ಆದ ವರ್ಷ ನೀರು ಬಾಳ ಸರೀತು.
ಬಸ್ಸು ಕೆಟ್ಟು, ಕೊಲ್ಹಾರದ ಮೊಸರಿನ ಗಡಿಗಿ ಹಿಡಕೊಂಡು
ಪೂಲಿನ ಮ್ಯಾಲೆ ನಡಕೋತ ಬರತಿದ್ದೆ.
ಕೆಳಗ ಹಳೇ ಊರಿನ ಓಣಿಯಾಗ, ಯಾರದೋ ಹೊಸ್ತಿಲಿಗೆ ಗಲ್ಲ ಇಟ್ಟು
ಪ್ರತಿವಾದಿ ಮಲಗಿದ್ಲು.
ಯಮನೂರಿ ಹಲಗಿ ಕೀಳತಿದ್ದ.
ಕಿತ್ತಿದ್ದನ್ನ ತಿಂಗಳಿಗೊಂದರಂಗ ಸಾಲಾಗಿ ಬಿಸಲಿಗೆ ಹಾಕಿದ್ದ.
ನಾ ಎಣಿಸಿದಾಗ ಏಳು.

ತಲಿ ಎತ್ತಿ ನನ್ನ ಕಂಡ. ಕೈಯಾಗಿನ ಹಾರಿ ಮುಚ್ಚಿಡಲಿಲ್ಲ.

ನಾ ಕಂಬ ನೋಡಿದೆ.
ನಡುಗಂಬ ಇನ್ನೂ ಎರಡು ಕಂಬ ಮುಂದಿತ್ತು.
"ಹನ್ನೊಂದಕ್ಕ ನಿಲ್ಲಸಪಾ" ಅಂತ ಒದರಿದೆ.
ಗಾಳಿ ಎದುರಿತ್ತು,
ಕೇಳಿತೋ ಇಲ್ಲೋ.